ಎರಡನೇ ಸಹಿ

ಬೆಳಗ್ಗೆ ಐದು ಗಂಟೆ ಐವತ್ತು ನಿಮಿಷಕ್ಕೆ ಅತ್ತಿಗೆ ಲ್ಯಾಬಿನ ಫ್ರಿಜ್ಜಿನ ಬಾಗಿಲು ತೆಗೆದು ಒಳಗಿನ ಉಷ್ಣಮಾಪಕವನ್ನು ನೋಡಿದರು. ನಾಲ್ಕು ಪಾಯಿಂಟ್ ಎರಡು ಡಿಗ್ರಿ. ಪಕ್ಕದಲ್ಲಿ ದಾರ ಕಟ್ಟಿ ನೇತುಹಾಕಿದ್ದ ಪುಸ್ತಕದಲ್ಲಿ ತಾರೀಕು, ಹೊತ್ತು, ಅಂಕಿ ಬರೆದು ಮೊದಲ ಕಾಲಮ್ಮಿನಲ್ಲಿ ಸಹಿ ಹಾಕಿದರು. ಆಮೇಲೆ ಮೂಲೆಯ ಸ್ಟೂಲಿನ ಮೇಲೆ ಕುಳಿತು ಗೋಡೆಗೆ ಒರಗಿದರು. ಆರು ಹತ್ತಕ್ಕೆ ನಾದಿನಿ ಕಾಫಿ ಹಿಡಿದು ಬಂದಾಗಲೂ ಅವರು ಹಾಗೆಯೇ ಕುಳಿತಿದ್ದರು. ಎಪ್ಪತ್ತೊಂದು ವರ್ಷ ಬದುಕಿದವರು ಇಪ್ಪತ್ತು ನಿಮಿಷದೊಳಗೆ, ಯಾರನ್ನೂ ಕರೆಯದೆ, ಹೋಗಿಬಿಟ್ಟಿದ್ದರು.

ಆ ಪುಸ್ತಕಕ್ಕೆ ಎರಡು ಸಹಿಯ ಕಾಲಮ್ಮುಗಳಿದ್ದವು. ಮೊದಲನೆಯದು ನೋಡಿದವರದು, ಎರಡನೆಯದು ಮತ್ತೊಮ್ಮೆ ನೋಡಿ ಸರಿ ಎಂದವರದು. ಎರಡನೆಯದು ಮೂವತ್ತೊಂದು ವರ್ಷದಿಂದ ನಾದಿನಿಯದು. ಅಂದು ಬರುವವರೆಲ್ಲ ಬಂದು ಹೋಗಿ, ಆಗಬೇಕಾದ್ದೆಲ್ಲ ಆಗಿ, ಸಂಜೆ ಮನೆ ಖಾಲಿಯಾದ ಮೇಲೆ ಅವರು ಆ ಪುಸ್ತಕದ ಮುಂದೆ ಪೆನ್ನು ಹಿಡಿದು ಸ್ವಲ್ಪ ಹೊತ್ತು ನಿಂತರು. ಫ್ರಿಜ್ಜು ಆಗ ನಾಲ್ಕು ಪಾಯಿಂಟ್ ಆರು ತೋರಿಸುತ್ತಿತ್ತು. ಬೆಳಗಿನ ಅಂಕಿಯನ್ನು ಅವರು ಕಣ್ಣಾರೆ ನೋಡಿರಲಿಲ್ಲ. ನೋಡದೆ ಸಹಿ ಹಾಕುವುದನ್ನು ಅತ್ತಿಗೆ ಕಲಿಸಿರಲಿಲ್ಲ. ಆ ಒಂದು ಚೌಕ ಖಾಲಿಯೇ ಉಳಿಯಿತು.

ಬೀದಿಯವರ ಬಾಯಲ್ಲಿ ಅತ್ತಿಗೆ ‘ಲ್ಯಾಬಮ್ಮ’, ನಾದಿನಿ ‘ಎರಡನೇ ಸಹಿ’. ಅತ್ತಿಗೆ ರಸಾಯನಶಾಸ್ತ್ರದ ಪದವೀಧರೆ. ಹನ್ನೆರಡು ವರ್ಷ ದೊಡ್ಡ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ದುಡಿದವರು. ಮೂವತ್ತಾರಕ್ಕೆ ಗಂಡನನ್ನು ಕಳೆದುಕೊಂಡರು. ಮೂವತ್ತೆಂಟಕ್ಕೆ ಆಸ್ಪತ್ರೆ ಬಿಟ್ಟು, ತಮ್ಮ ದುಡಿಮೆಯಲ್ಲೇ ಕೊಂಡಿದ್ದ ಎರಡಂತಸ್ತಿನ ಮನೆಯ ಮುಂದಿನ ಕೋಣೆಯಲ್ಲಿ ರಕ್ತ ಪರೀಕ್ಷೆಯ ಲ್ಯಾಬು ತೆರೆದರು. ನಾದಿನಿ ಅವರ ಗಂಡನ ತಂಗಿ, ಒಂಬತ್ತು ವರ್ಷ ಚಿಕ್ಕವರು. ತಂದೆ ತೀರಿಕೊಂಡಾಗ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಒಂದು ತಗಡಿನ ಪೆಟ್ಟಿಗೆ ಹಿಡಿದು ಅಣ್ಣನ ಮನೆಗೆ ಬಂದವರು. ಮದುವೆಯ ಮಾತು ಎರಡು ಸಲ ಬಂತು, ಎರಡು ಸಲವೂ ಹೊಸ್ತಿಲಲ್ಲೇ ನಿಂತಿತು. ಅಣ್ಣನೂ ಹೋದ ಮೇಲೆ ಅವರು ಯಾರಿಗೂ ಹೇಳದೆ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ಒರೆಸಿಟ್ಟುಕೊಂಡರು. ಅತ್ತಿಗೆ ಅದನ್ನು ನೋಡಿದರು. ಮಾರನೆಯ ದಿನ ಬಾಗಿಲ ಬೀಗಕ್ಕೆ ಇನ್ನೊಂದು ಕೀ ಮಾಡಿಸಿ ತಂದು ನಾದಿನಿಯ ಕೈಗೆ ಹಾಕಿದರು. ಪೆಟ್ಟಿಗೆ ಮತ್ತೆ ಅಟ್ಟ ಸೇರಿತು.

ಎರಡನೇ ಸಹಿಯ ನಿಯಮ ಹುಟ್ಟಿದ್ದು ಲ್ಯಾಬಿನ ಮೂರನೆಯ ವರ್ಷ, ಒಂದು ತಪ್ಪಿನಿಂದ. ಏಳು ತಿಂಗಳ ಬಸುರಿಯೊಬ್ಬಳ ಹಿಮೋಗ್ಲೋಬಿನ್ ಆರು ಪಾಯಿಂಟ್ ಎಂಟು ಇತ್ತು. ಅತ್ತಿಗೆ ವರದಿಯಲ್ಲಿ ಎಂಟು ಪಾಯಿಂಟ್ ಆರು ಎಂದು ಬರೆದರು. ಎರಡೂ ಕಡಿಮೆಯೇ, ಆದರೆ ಒಂದಕ್ಕೆ ಮಾತ್ರೆ ಸಾಕು, ಇನ್ನೊಂದಕ್ಕೆ ರಕ್ತವೇ ಕೊಡಬೇಕಾಗಬಹುದು. ಆಕೆಗೆ ಮಾತ್ರೆ ಕೊಟ್ಟು ಕಳಿಸಿದರು. ಹೆರಿಗೆಯಲ್ಲಿ ತಾಯಿ ಉಳಿದದ್ದೇ ಹೆಚ್ಚು. ಯಾರೂ ಕೇಳಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ಅತ್ತಿಗೆ ಹಳೆಯ ಅಂಕಿಗಳನ್ನು ತಿರುವಿಹಾಕುವಾಗ ತಪ್ಪನ್ನು ತಾವೇ ಕಂಡರು. ಪುಸ್ತಕವನ್ನು ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಹೋಗಿ ಆ ಬಾಣಂತಿಯ ಗಂಡನ ಮುಂದೆ ನಿಂತು ಇದು ನನ್ನ ತಪ್ಪು ಎಂದು ಹೇಳಿ ಬಂದರು. ಆತ ಬೈದಷ್ಟೂ ಬೈಸಿಕೊಂಡರು. ಮನೆಗೆ ಬಂದು ನಾದಿನಿಯನ್ನು ಕೂರಿಸಿಕೊಂಡು, ಇನ್ನು ಮೇಲೆ ನಿನ್ನ ಸಹಿ ಬೀಳದೆ ಒಂದು ಕಾಗದವೂ ಈ ಬಾಗಿಲು ದಾಟುವುದಿಲ್ಲ ಎಂದರು. ನಾದಿನಿ ಓದಿದ್ದು ಹತ್ತನೆಯ ತರಗತಿ. ತನಗೆ ಏನು ತಿಳಿಯುತ್ತದೆ ಎಂದು ಹಿಂಜರಿದರು. ತಿಳಿಯಬೇಕಾಗಿಲ್ಲ, ನೋಡಬೇಕು, ಯಂತ್ರದಲ್ಲಿ ಇರುವುದೂ ಕಾಗದದಲ್ಲಿ ಇರುವುದೂ ಒಂದೇನಾ ಎಂದು ನೋಡುವುದಕ್ಕೆ ಡಿಗ್ರಿ ಬೇಡ, ಭಯ ಬೇಕು ಎಂದರು ಅತ್ತಿಗೆ.

ನಾದಿನಿಗೆ ಭಯ ಧಾರಾಳವಾಗಿತ್ತು. ಮೂವತ್ತೊಂದು ವರ್ಷದಲ್ಲಿ ಅವರು ಹಿಡಿದ ತಪ್ಪುಗಳು ನಾನೂರ ಹನ್ನೆರಡು. ಒಂದೊಂದೂ ಬೇರೆ ಪುಸ್ತಕದಲ್ಲಿ ದಾಖಲಾಗಿದೆ.

ಅಭ್ಯಾಸ ಲ್ಯಾಬಿನಿಂದ ಒಳಮನೆಗೂ ಹರಡಿತು. ಅಂಗಡಿಗೆ ಕೊಡುವ ಸಾಮಾನಿನ ಪಟ್ಟಿಗೆ ಎರಡು ಸಹಿ. ಅತ್ತಿಗೆಯ ಒಬ್ಬನೇ ಮಗನ ಅಂಕಪಟ್ಟಿಗೆ ತಾಯಿಯ ಸಹಿ, ಕೆಳಗೆ ಸೋದರತ್ತೆಯ ಸಹಿ. ಮೇಷ್ಟ್ರು ಕರೆಸಿ ವಿಚಾರಿಸಿದ್ದೂ ಉಂಟು. ಸ್ನಾನದ ಮನೆಯಿಂದ ಹುಡುಗ ಕೂಗುತ್ತಿದ್ದ, ನೀರು ಕಾದಿದೆ ಅಂತ ಎರಡನೇ ಸಹಿ ಆಯ್ತಾ ಎಂದು. ಎದುರುಗಡೆ ಕನ್ನಡಕದ ಅಂಗಡಿ ಇಟ್ಟವರು ಮೂವತ್ತು ವರ್ಷದ ನೆರೆಯವರು, ಸಲಿಗೆಯವರು. ಅವರಂತೂ ಕಂಡಾಗಲೆಲ್ಲ ಚುಡಾಯಿಸದೆ ಬಿಡುತ್ತಿರಲಿಲ್ಲ.

“ನಿಮ್ಮನೇಲಿ ಸೀನೋದಕ್ಕೂ ಇಬ್ಬರು ಬೇಕೇನಮ್ಮ?”

“ನಿಮ್ಮಂಗಡೀಲಿ ಕಣ್ಣಿಗೆ ಎರಡು ಗಾಜು ಹಾಕ್ತೀರಲ್ಲ, ಒಂದು ಸಾಲ್ದಾ?” ಎನ್ನುತ್ತಿದ್ದರು ಅತ್ತಿಗೆ. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಏಳು ವರ್ಷದ ಹಿಂದೆ ಮಗ ಹೋದ. ಮೂವತ್ತನಾಲ್ಕು ವಯಸ್ಸು, ಹನ್ನೊಂದು ದಿನದ ಜ್ವರ. ತಾಯಿಯ ಶಿಸ್ತಿನಲ್ಲಿ ಬೆಳೆದವನು ತನ್ನ ಕಾಗದಪತ್ರಗಳನ್ನು ಮಾತ್ರ ಮೂರು ಚೀಲ, ಎರಡು ಡ್ರಾಯರು, ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಂಚಿಟ್ಟಿದ್ದ. ಬ್ಯಾಂಕಿನ ಖಾತೆಗೆ ಮದುವೆಗೆ ಮುಂಚೆ ನಾಮಿನಿಯಾಗಿ ಬರೆಸಿದ ತಾಯಿಯ ಹೆಸರೇ ಇತ್ತು. ವಿಮೆಗೆ ಯಾರ ಹೆಸರೂ ಇರಲಿಲ್ಲ. ಸೊಸೆ ಎರಡು ವರ್ಷದ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಹದಿಮೂರು ತಿಂಗಳು ಕಚೇರಿಗಳನ್ನು ಸುತ್ತಿದಳು. ಒಂದು ಸಂಜೆ ಬಂದು ಚಪ್ಪಲಿ ಕೂಡ ಬಿಡದೆ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

“ಅವರ ಜೊತೆ ಐದು ವರ್ಷ ಸಂಸಾರ ಮಾಡಿದೀನಿ ಅತ್ತೆ. ಕಿಟಕಿ ಒಳಗಿಂದ ಕೇಳ್ತಾರೆ, ನೀವು ಅವರಿಗೆ ಏನಾಗಬೇಕು ಅಂತ.”

ಅತ್ತಿಗೆ ಸೊಸೆಯ ಕೈಯಿಂದ ಮಗುವನ್ನು ಇಸಿದುಕೊಂಡರು. ಸಮಾಧಾನದ ಮಾತು ಅವರಿಗೆ ಬರುತ್ತಿರಲಿಲ್ಲ. ಆದರೆ ಕಚೇರಿಯ ಕೆಲಸಗಳೆಲ್ಲ ಮುಗಿದು, ಸೊಸೆ ಶಾಲೆಯೊಂದರಲ್ಲಿ ಕೆಲಸ ಹಿಡಿದು, ಮನೆ ಒಂದು ಹದಕ್ಕೆ ಬಂದ ಮೇಲೆ, ತಮ್ಮ ಅರವತ್ತಾರನೆಯ ವಯಸ್ಸಿನಲ್ಲಿ, ಅವರು ಗ್ರಾಫ್ ಹಾಳೆ ತಂದು ಪಟ್ಟಿ ಹಾಕಿದರು. ಅಡ್ಡಸಾಲಿನಲ್ಲಿ ಜನ, ಉದ್ದಸಾಲಿನಲ್ಲಿ ವಸ್ತುಗಳು. ಜನ ಮೂರೇ: ಸೊಸೆ, ಮೊಮ್ಮಗಳು, ನಾದಿನಿ. ಪ್ರತಿಯೊಬ್ಬರಿಗೂ ಏನು ಬೇಕಾಗುತ್ತದೆ, ಯಾವ ವಯಸ್ಸಿನಲ್ಲಿ ಬೇಕಾಗುತ್ತದೆ, ಏನೂ ಬರೆಯದೆ ಹೋದರೆ ಏನು ಸಿಗುತ್ತದೆ ಎಂದು ಮೂರು ಬಣ್ಣದಲ್ಲಿ ಬರೆದರು. ನಾದಿನಿಯ ಹೆಸರಿನ ಕೆಳಗೆ ಮೂರನೆಯ ಬಣ್ಣದಲ್ಲಿ ಒಂದು ಸೊನ್ನೆ ಇತ್ತು. ಗಂಡನ ತಂಗಿಗೆ ಕಾನೂನು ಏನೂ ಕೊಡುವುದಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಮೂರಕ್ಕೆ ಎಲ್ಲರನ್ನೂ ಊಟದ ಮೇಜಿನ ಸುತ್ತ ಕೂರಿಸಿದರು. ಮಗು ಸೊಸೆಯ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಅತ್ತಿಗೆ ಪಟ್ಟಿ ಬಿಡಿಸುತ್ತಿದ್ದಂತೆ ನಾದಿನಿ ಎದ್ದು ಅಡುಗೆಮನೆಗೆ ಹೊರಟರು; ಒಳ್ಳೆ ಹೊತ್ತಿನಲ್ಲಿ ಇಂಥ ಮಾತೆಲ್ಲ ಏಕೆ ಎಂದು ಗೊಣಗಿದರು.

“ಕೂತ್ಕೋ. ಸ್ಯಾಂಪಲ್ ಕೆಟ್ಟ ಮೇಲೆ ಪರೀಕ್ಷೆ ಮಾಡಕ್ಕಾಗಲ್ಲ.”

ನಾದಿನಿ ಕುಳಿತರು. ಅತ್ತಿಗೆ ಒಂದೊಂದೇ ಸಾಲು ಓದಿದರು. ಮೇಲಿನ ಮನೆ ಸೊಸೆಗೆ. ಬ್ಯಾಂಕಿನಲ್ಲಿರುವುದು ಮೊಮ್ಮಗಳ ಓದಿಗೆ. ಲ್ಯಾಬಿನ ಯಂತ್ರಗಳು ಬೀದಿಯ ಕೊನೆಯ ಸಣ್ಣ ಆಸ್ಪತ್ರೆಗೆ. ಕೆಳಗಿನ ಮನೆ, ಮುಂದಿನ ಕೋಣೆ, ಹಿಂದಿನ ಕೋಣೆ, ಅಡುಗೆಮನೆ, ಹಿತ್ತಿಲು ಸೇರಿ, ನಾದಿನಿಗೆ. ಸೊಸೆ ತಕ್ಷಣ ಒಪ್ಪಿದಳು. ಒಪ್ಪದೆ ಕೂತವರು ನಾದಿನಿಯೇ. ತಾನು ಹೇಗೂ ಇಲ್ಲೇ ಇದ್ದೇನಲ್ಲ, ತನಗೆ ಮನೆ ಕಟ್ಟಿಕೊಂಡು ಏನಾಗಬೇಕು, ಎಲ್ಲ ಮಗುವಿಗೇ ಇರಲಿ ಎಂದು ವಾದಿಸಿದರು.

“ಅಪ್ಪನ ಮನೆ ಆಯ್ತು, ಅಣ್ಣನ ಮನೆ ಆಯ್ತು, ಅತ್ತಿಗೆ ಮನೇನೂ ಆಯ್ತು,” ಎಂದರು ಅತ್ತಿಗೆ. “ಒಂದು ಬಾಗಿಲಾದ್ರೂ ನಿನ್ನ ಹೆಸರಲ್ಲಿರ್ಲಿ. ನಾಳೆ ಯಾರಾದ್ರೂ ಬಂದು ನೀವು ಅವರಿಗೆ ಏನಾಗಬೇಕು ಅಂತ ಕೇಳಿದ್ರೆ, ಏನೂ ಆಗ್ಬೇಕಾಗಿಲ್ಲ, ಇದು ನನ್ನ ಮನೆ ಅಂತ ಹೇಳು.”

ನಾದಿನಿ ಸೆರಗಿನಿಂದ ಮೇಜಿನ ಮೇಲೆ ಇಲ್ಲದ ಧೂಳನ್ನು ಒರೆಸಿದರು. ಅದನ್ನು ಒಪ್ಪಿಗೆ ಎಂದು ಅತ್ತಿಗೆ ದಾಖಲಿಸಿಕೊಂಡರು.

ಉಯಿಲು ಬರೆಸಲು ಮೊದಲು ಹಿರಿಯ ವಕೀಲರೊಬ್ಬರ ಬಳಿಗೆ ಹೋದರು. ಹತ್ತು ದಿನದ ಮೇಲೆ ಅವರು ಮೂರು ಪುಟದ ಕರಡು ಕೊಟ್ಟರು. ಅತ್ತಿಗೆ ಅದನ್ನು ಮನೆಗೆ ತಂದು ಕೆಂಪು ಪೆನ್ನು ಹಿಡಿದು ಕುಳಿತರು. ಪಶ್ಚಿಮದ ಬಾಗಿಲು ಪೂರ್ವದ ಬಾಗಿಲಾಗಿತ್ತು. ಹಿಂದಿನ ಕೋಣೆಯ ಉದ್ದ ಎರಡು ಅಡಿ ಕುಗ್ಗಿತ್ತು. ಮೊಮ್ಮಗಳು ಮೊಮ್ಮಗನಾಗಿದ್ದಳು. ಹೀಗೆ ಒಟ್ಟು ಏಳು.

“ಮೂರು ಪುಟಕ್ಕೆ ಏಳು ತಪ್ಪು. ನಮ್ಮ ಲ್ಯಾಬಲ್ಲಿ ಆಗಿದ್ರೆ ಮನೆಗೆ ಕಳಿಸ್ತಿದ್ದೆ,” ಎಂದರು ನಾದಿನಿಯ ಬಳಿ.

ಆ ವಕೀಲರು, ಸಹಿಯ ದಿನ ನೀವು ಇಲ್ಲಿಗೇ ಬನ್ನಿ, ಸಾಕ್ಷಿಗಳ ವಿಷಯ ನಾನು ನೋಡಿಕೊಳ್ಳುತ್ತೇನೆ, ಅದರಲ್ಲಿ ಒಂದೆರಡು ಸೂಕ್ಷ್ಮ ಇವೆ ಎಂದು ಹೇಳಿದ್ದರು. ಸೂಕ್ಷ್ಮ ಏನೆಂದು ಅತ್ತಿಗೆ ಕೇಳಬಹುದಾಗಿತ್ತು. ಏಳು ಕಡೆ ತಪ್ಪಿದವರ ಹತ್ತಿರ ಎಂಟನೆಯದನ್ನು ಕೇಳುವ ಸ್ವಭಾವ ಅವರದಾಗಿರಲಿಲ್ಲ. ಕರಡಿನ ಮಾದರಿ ಇಟ್ಟುಕೊಂಡು ತಾವೇ ಬರೆಯಲು ತೀರ್ಮಾನಿಸಿದರು. ಕೊನೆಯ ಪುಟದಲ್ಲಿ ಸಾಕ್ಷಿ ಒಂದು, ಸಾಕ್ಷಿ ಎರಡು ಎಂದು ಗೆರೆ ಎಳೆದಿತ್ತು. ಎರಡು ಗೆರೆ ಕಂಡರೆ ಆ ಮನೆಯಲ್ಲಿ ಯಾರಿಗೂ ಏನೂ ಕೇಳಬೇಕೆನಿಸುತ್ತಿರಲಿಲ್ಲ.

ಒಂದು ವಾರ ಸಂಜೆ ಹೊತ್ತು ಟೈಪು ಮಾಡಿದರು. ನಾದಿನಿ ಟೇಪು ಹಿಡಿದು ಕೋಣೆಗಳನ್ನೆಲ್ಲ ಅಳೆದು ಕಾಗದದೊಂದಿಗೆ ಹೋಲಿಸಿದರು. ಒಂದು ತಪ್ಪು ಅವರಿಗೂ ಸಿಕ್ಕಿತು. ಹೊರಗಿನ ಮೆಟ್ಟಿಲು ಯಾರಿಗೆ ಸೇರಿದ್ದು ಎಂದು ಅತ್ತಿಗೆ ಬರೆದೇ ಇರಲಿಲ್ಲ.

“ನೋಡಿದ್ಯಾ,” ಎಂದು ಅತ್ತಿಗೆ ಖುಷಿಪಟ್ಟರು. “ಇದಕ್ಕೇ ಎರಡನೇ ಸಹಿ ಬೇಕು ಅನ್ನೋದು.” ಮೆಟ್ಟಿಲು ಎರಡೂ ಮನೆಗೆ ಸೇರಿದ್ದೆಂದು ಸೇರಿಸಿ ಮತ್ತೆ ಮುದ್ರಿಸಿದರು.

ಸಹಿ ಆದದ್ದು ಒಂದು ಬುಧವಾರ, ಬೆಳಗ್ಗೆ ಆರೂ ಮುಕ್ಕಾಲರ ಹೊತ್ತಿಗೆ, ಲ್ಯಾಬು ತೆರೆಯುವ ಮುಂಚೆ. ನಡಿಗೆ ಮುಗಿಸಿ ಬರುತ್ತಿದ್ದ ಕನ್ನಡಕದವರನ್ನು ಹಿತ್ತಿಲ ಕಡೆಯಿಂದ ಒಳಗೆ ಕರೆದರು. ಅತ್ತಿಗೆ ಪ್ರತಿ ಪುಟಕ್ಕೂ ಸಹಿ ಹಾಕಿದರು. ಕನ್ನಡಕದವರು ಮೊದಲ ಸಾಕ್ಷಿಯ ಗೆರೆಯ ಮೇಲೆ ಹಾಕಿ, ಎರಡನೆಯವರು ಯಾರು, ಕರೆಯಲೇನು ಎಂದು ಕೇಳಿದರು.

“ಯಾರು ಅಂದ್ರೆ? ಇವಳೇ.”

“ಅದೂ ಸರಿ ಅನ್ನಿ. ಎರಡನೇ ಸಹಿ ಇರುವಾಗ ಇನ್ನೊಬ್ಬರು ಯಾಕೆ,” ಎಂದು ಅವರೂ ನಕ್ಕರು. ನಾದಿನಿ ಕೊನೆಯ ಪುಟವನ್ನು ಇನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ತಮ್ಮ ಹೆಸರಿದ್ದ ಸಾಲು ಬಂದಾಗ ನಾಚಿ ಬೇಗ ದಾಟಿ, ಸಹಿ ಹಾಕಿದರು. ಮೂವರಿಗೂ ಒಂದು ದೊಡ್ಡ ಕೆಲಸ ಮುಗಿದ ಸಮಾಧಾನ.

ಅತ್ತಿಗೆ ಹೋದ ಮೇಲೆ ಅವರ ಕಪಾಟಿನಲ್ಲಿದ್ದ ನೀಲಿ ಫೈಲು ತೆರೆದಾಗ ಎಲ್ಲವೂ ಅದರಲ್ಲಿತ್ತು. ಉಯಿಲಿನ ಲಕೋಟೆ, ಮನೆಯ ಪತ್ರಗಳು, ಬ್ಯಾಂಕಿನ ಕಾಗದಗಳು, ಯಾವ ಕೀ ಯಾವ ಬೀಗಕ್ಕೆ ಎಂಬ ಚೀಟಿ, ಯಾವ ಕಚೇರಿಯಲ್ಲಿ ಯಾವ ಕಿಟಕಿಗೆ ಹೋಗಬೇಕೆಂಬ ಟಿಪ್ಪಣಿ, ಅನಿಲದ ಸಿಲಿಂಡರಿನ ರಸೀದಿಯವರೆಗೆ. ಗಂಡನ ಸಾವಿಗೆ ಹದಿಮೂರು ತಿಂಗಳು ಅಲೆದಿದ್ದ ಸೊಸೆಗೆ ಅತ್ತೆಯ ಕಾಗದ ಹೊಂದಿಸಲು ಮೂರು ದಿನ ಸಾಕಾಯಿತು. ಮೂರನೆಯ ದಿನ ಅವಳು ಫೈಲನ್ನು ಎದೆಗವಚಿಕೊಂಡು ಅತ್ತಳು. ಅತ್ತೆ ಸತ್ತ ದಿನ ಅತ್ತಿರಲಿಲ್ಲ.

ಉಯಿಲನ್ನು ನ್ಯಾಯಾಲಯಕ್ಕೆ ಕೊಡಲು ಸೊಸೆ ತನ್ನ ಜೊತೆ ಓದಿದ್ದ ವಕೀಲೆಯೊಬ್ಬಳ ಬಳಿಗೆ ಹೋದಳು. ನಾದಿನಿಯೂ ಜೊತೆಗಿದ್ದರು. ವಕೀಲೆ ಓದುತ್ತಾ ಹೋದಂತೆ, ಇಷ್ಟು ಚೊಕ್ಕಟವಾಗಿ ಯಾರೂ ಬರೆಯುವುದಿಲ್ಲ ಎಂದು ಎರಡು ಸಲ ಹೊಗಳಿದಳು. ಕೊನೆಯ ಪುಟದ ಸಹಿಗಳ ಮೇಲೆ ಬೆರಳಿಟ್ಟಳು. ಹಿಂದಿನ ಪುಟ ತಿರುವಿದಳು, ಮತ್ತೆ ಮುಂದಿನ ಪುಟ.

“ಸಾಕ್ಷಿ ಎರಡು. ಇದು ನೀವೇನಾ ಅಮ್ಮ?”

“ಹೌದು, ನಾನೇ,” ಎಂದರು ನಾದಿನಿ. ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ವಕೀಲೆ ನಿಧಾನವಾಗಿ ವಿವರಿಸಿದಳು. ಇಲ್ಲಿನ ಕಾನೂನಿನ ಪ್ರಕಾರ ಉಯಿಲಿಗೆ ಇಬ್ಬರು ಸಾಕ್ಷಿಗಳು ಬೇಕು. ಆದರೆ ಸಾಕ್ಷಿ ಹಾಕಿದವರಿಗೆ ಅದೇ ಉಯಿಲಿನಿಂದ ಏನೂ ಬರುವಂತಿಲ್ಲ. ಉಯಿಲು ಬೀಳುವುದಿಲ್ಲ, ನಿಲ್ಲುತ್ತದೆ. ಸೊಸೆಗೆ ಬರೆದದ್ದು ಸೊಸೆಗೆ, ಆಸ್ಪತ್ರೆಗೆ ಬರೆದದ್ದು ಆಸ್ಪತ್ರೆಗೆ. ನಾದಿನಿಗೆ ಬರೆದದ್ದು ಮಾತ್ರ ಬರೆಯದೇ ಇದ್ದ ಹಾಗೆ. ಬರೆಯದೇ ಉಳಿದದ್ದು ರಕ್ತಸಂಬಂಧದ ವಾರಸುದಾರರಿಗೆ ಹೋಗುತ್ತದೆ. ಈಗ ಇರುವ ವಾರಸುದಾರಳು ಒಬ್ಬಳೇ, ಒಂಬತ್ತು ವರ್ಷದ ಮೊಮ್ಮಗಳು.

ಸೊಸೆಗೆ ಇದು ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳಿಗೆ ಅದೊಂದು ದೊಡ್ಡ ವಿಷಯವಾಗಿಯೇ ಕಾಣಲಿಲ್ಲ.

“ಅಷ್ಟೇ ತಾನೆ? ನಾನೇ ಬರ್ಕೊಡ್ತೀನಿ. ಕೆಳಗಿನ ಮನೆ ಸಣ್ಣತ್ತೇದು ಅಂತ.”

“ನಿನ್ನದಾಗಿದ್ರೆ ಬರ್ಕೊಡ್ಬಹುದಿತ್ತು ಕಣೇ. ಅದು ಮಗುವಿಂದು.”

“ಮಗು ನನ್ನದಲ್ವಾ?”

“ಮಗು ನಿಂದು. ಮನೆ ಮಗುವಿಂದು.”

ಹದಿನೆಂಟು ತುಂಬದವರ ಆಸ್ತಿಯನ್ನು ಹೆತ್ತ ತಾಯಿಯೂ ದಾನ ಮಾಡುವಂತಿಲ್ಲ. ನ್ಯಾಯಾಧೀಶರು ಮಗುವಿಗೆ ಏನು ಒಳ್ಳೆಯದು ಎಂದಷ್ಟೇ ನೋಡುತ್ತಾರೆ. ಮನೆಯನ್ನು ಕೊಟ್ಟುಬಿಡುವುದು ಮಗುವಿಗೆ ಹೇಗೆ ಒಳ್ಳೆಯದಾಗುತ್ತದೆ ಎಂದು ಅವರಿಗೆ ಹೇಳಲು ಯಾರ ಬಳಿಯೂ ಉತ್ತರವಿರಲಿಲ್ಲ.

ಸುದ್ದಿ ಕೇಳಿದ ಕನ್ನಡಕದವರು ಅಂಗಡಿಯನ್ನು ತೆರೆದಂತೆಯೇ ಬಿಟ್ಟು ರಸ್ತೆ ದಾಟಿ ಬಂದರು. ಇದಕ್ಕೆ ಅವರದೇ ಒಂದು ಉಪಾಯವಿತ್ತು. “ತಂಗೀ, ನೀವು ಸಾಕ್ಷಿ ಅಂತ ಹಾಕಿದ್ದಲ್ಲ, ಸುಮ್ನೆ ಓದಿ ಸರಿ ಇದೆ ಅಂತ ಹಾಕಿದ್ದು ಅಂದ್ಬಿಡಿ. ನನ್ನ ಕೇಳಿದ್ರೆ ಕಣ್ಣು ಮಂಜು, ಯಾರು ಎಲ್ಲಿ ಹಾಕಿದ್ರೋ ಕಾಣಲಿಲ್ಲ ಅಂತೀನಿ. ಕನ್ನಡಕದವನ ಕಣ್ಣೇ ಮಂಜಂತೆ ಅಂತ ಜನ ನಗ್ತಾರೆ. ನಗ್ಲಿ ಬಿಡಿ.”

ಆ ಉಪಾಯವನ್ನು ವಕೀಲೆ ಆಗಲೇ ತೂಗಿ ನೋಡಿದ್ದಳು. ನಾದಿನಿಯದು ಸಾಕ್ಷಿ ಸಹಿ ಅಲ್ಲವೆಂದರೆ ಉಯಿಲಿಗೆ ಒಬ್ಬರೇ ಸಾಕ್ಷಿ ಉಳಿಯುತ್ತಾರೆ. ಆಗ ಇಡೀ ಉಯಿಲೇ ಬೀಳುತ್ತದೆ. ಮೇಲಿನ ಮನೆಯೂ ಸೊಸೆಯ ಕೈತಪ್ಪುತ್ತದೆ; ಇಲ್ಲಿನ ಕಾನೂನಿನಲ್ಲಿ ಸೊಸೆ ವಾರಸುದಾರಳಲ್ಲ. ಒಟ್ಟಿನಲ್ಲಿ ಲೆಕ್ಕ ಇಷ್ಟೇ ಇತ್ತು: ಆ ಸಹಿ ಉಯಿಲಿನಲ್ಲಿ ಎಲ್ಲರ ಪಾಲನ್ನೂ ಎತ್ತಿ ಹಿಡಿದಿತ್ತು, ಹಾಕಿದವರ ಪಾಲನ್ನು ಬಿಟ್ಟು.

ವಿಚಾರಣೆಯ ದಿನ ಬೆಳಗ್ಗೆ ಹನ್ನೊಂದು ಇಪ್ಪತ್ತಕ್ಕೆ ನಾದಿನಿಯನ್ನು ಕರೆದರು. ಕಟಕಟೆಯ ಅಡ್ಡಪಟ್ಟಿಯನ್ನು ಹಿಡಿದು ನಿಂತ ಅವರಿಗೆ ಕೊನೆಯ ಪುಟವನ್ನು ತೋರಿಸಿದರು. ಇದು ನಿಮ್ಮ ಸಹಿಯೇ ಎಂದು ಕೇಳಿದರು, ಹೌದು ಎಂದರು. ನಿಮ್ಮ ಅತ್ತಿಗೆ ಸಹಿ ಹಾಕಿದ್ದನ್ನು ನೋಡಿದಿರಾ ಎಂದು ಕೇಳಿದರು, ನೋಡಿದೆ ಎಂದರು. ಸಾಕ್ಷಿಯಾಗಿಯೇ ಹಾಕಿದಿರಾ ಎಂಬ ಪ್ರಶ್ನೆ ಬಂದಾಗ ಅವರು ಒಮ್ಮೆ ಸೊಸೆ ಕುಳಿತಿದ್ದ ಕಡೆ ನೋಡಿದರು.

“ನೋಡಿಯೇ ಹಾಕಿದ್ದು ಸ್ವಾಮಿ. ನೋಡದೆ ನಾನು ಯಾವತ್ತೂ ಹಾಕಿದವಳಲ್ಲ.”

ಹೊರಗೆ ಬಂದಾಗ ಕನ್ನಡಕದವರು ಬೆಂಚಿನ ಮೇಲೆ ತಲೆ ತಗ್ಗಿಸಿ ಕುಳಿತಿದ್ದರು. ಎರಡನೆಯವರು ಯಾರು ಎಂದು ಅವತ್ತು ಬಾಯಿತುಂಬ ಕೇಳಿದವನು ನಾನೇ, ಇನ್ನೊಂದು ಮಾತು ಕೇಳಿದ್ದರೆ ಏನಾಗುತ್ತಿತ್ತು ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ನಾದಿನಿ ಅವರ ಪಕ್ಕ ಕುಳಿತರು. ಅವರನ್ನು ಕಾಡಿದ್ದು ಬೇರೆ. ತಪ್ಪು ಹಿಡಿಯುವುದಕ್ಕೆಂದೇ ತನ್ನನ್ನು ಕೂರಿಸಿದ್ದು. ಆ ಮನೆಯಿಂದ ಹೊರಬಿದ್ದ ಕಟ್ಟಕಡೆಯ ದೊಡ್ಡ ಕಾಗದದ ತಪ್ಪನ್ನು ತಾನೇ ನೀಲಿ ಶಾಯಿಯಲ್ಲಿ ಬರೆದುಕೊಟ್ಟೆನಲ್ಲ ಎಂಬುದು. ಮೆಟ್ಟಿಲು ಕಂಡಿತು. ತನ್ನ ಹೆಸರು ಎರಡು ಕಡೆ ಇರುವುದು ಕಾಣಲಿಲ್ಲ. ನಾಚಿಕೊಂಡು ದಾಟಿದ ಆ ಒಂದು ಸಾಲಿನ ಮೇಲೆ ಇನ್ನೆರಡು ಕ್ಷಣ ನಿಂತಿದ್ದರೆ ಏನಾದರೂ ಹೊಳೆಯುತ್ತಿತ್ತೇನೋ. ಹೊಳೆಯುತ್ತಿರಲಿಲ್ಲ ಎಂದು ವಕೀಲೆ ಎಷ್ಟು ಹೇಳಿದರೂ ಅವರಿಗೆ ಸಮಾಧಾನವಾಗಲಿಲ್ಲ. ನಾನೂರ ಹದಿಮೂರನೆಯದಾಗಿ ಅದನ್ನು ದಾಖಲಿಸಬೇಕೆಂದು ಪುಸ್ತಕ ತೆಗೆದರಂತೆ. ಹಿಡಿದ ತಪ್ಪಲ್ಲ, ಬಿಟ್ಟ ತಪ್ಪು ಎಂದು ಮುಚ್ಚಿಟ್ಟರಂತೆ.

ಆದೇಶ ಎರಡು ತಿಂಗಳ ಮೇಲೆ ಬಂತು. ಕಟುವಾಗಿಯೇನೂ ಇರಲಿಲ್ಲ. ಕೆಳಗಿನ ಮನೆ ಮಗುವಿನದು. ಮಗುವಿಗೆ ಹದಿನೆಂಟು ತುಂಬುವವರೆಗೆ ನಾದಿನಿ ಅಲ್ಲಿ ಅನುಮತಿಯ ಮೇರೆಗೆ ವಾಸಿಸಬಹುದು. ಕಟ್ಟಡಕ್ಕೆ ಯಾವ ಬದಲಾವಣೆಯನ್ನೂ ಮಾಡಕೂಡದು. ಮುಂದಿನದನ್ನು ಆಗ ಮಾಲೀಕಳು ತೀರ್ಮಾನಿಸುತ್ತಾಳೆ. ಆಗ ನಾದಿನಿಗೆ ಎಪ್ಪತ್ತೊಂದು.

ಯಂತ್ರಗಳು ಉಯಿಲಿನಂತೆ ಸಣ್ಣ ಆಸ್ಪತ್ರೆಗೆ ಹೋದವು. ಮುಂದಿನ ಕೋಣೆಯಲ್ಲಿ ನೆಲದ ಮೇಲೆ ಮೇಜಿನ ಕಾಲುಗಳ ನಾಲ್ಕು ಗುರುತು ಉಳಿದವು. ಮೊಮ್ಮಗಳು ಶಾಲೆಯಿಂದ ಬಂದವಳು ಆ ಖಾಲಿ ಕೋಣೆಯಲ್ಲಿ ಸುತ್ತು ಹಾಕಿ, ಯಾರ ಬಾಯಲ್ಲಿ ಕೇಳಿಸಿಕೊಂಡಿದ್ದಳೋ, ಗಂಭೀರವಾಗಿ ಹೇಳಿದಳು.

“ಸಣ್ಣಜ್ಜಿ, ಇದು ನನ್ನ ಮನೆಯಂತೆ. ಆದ್ರೂ ನೀನು ಇರ್ಬಹುದು.”

ಸೊಸೆ ಕೈ ಎತ್ತಿಕೊಂಡು ಬಂದಳು. ನಾದಿನಿ ಅಡ್ಡ ನಿಂತು ಮಗುವನ್ನು ಹಿಂದಕ್ಕೆ ಎಳೆದುಕೊಂಡರು. “ಬಿಡೇ, ಸರಿಯಾಗೇ ಹೇಳಿದಾಳೆ. ತುಂಬ ಉಪಕಾರ ಆಯ್ತು ಕಣಮ್ಮ ಓನರಮ್ಮ,” ಎಂದು ಅವಳ ಕೆನ್ನೆ ಹಿಂಡಿದರು. ನಗೆ ನಿಜವಾದದ್ದೇ. ಮಗುವಿನ ಮೇಲೆ ಅವರಿಗೆ ಎಳ್ಳಷ್ಟೂ ಬೇಸರವಿರಲಿಲ್ಲ.

ಆದರೆ ಅತ್ತಿಗೆಯ ಭಾವಚಿತ್ರಕ್ಕೆ ಚೌಕಟ್ಟು ಹಾಕಿಸಿ ತಂದ ದಿನ ಅವರು ಸುತ್ತಿಗೆ, ಮೊಳೆ ಎರಡನ್ನೂ ಹಿಡಿದು ಗೋಡೆಯ ಮುಂದೆ ನಿಂತು, ಮೊಳೆ ಹೊಡೆಯುವುದು ಬದಲಾವಣೆ ಆಗುತ್ತದೋ ಇಲ್ಲವೋ ಎಂದು ಯೋಚಿಸಿದರು. ಸೊಸೆಯನ್ನು ಕೇಳಿದರೆ ಅವಳು ನೊಂದುಕೊಳ್ಳುತ್ತಾಳೆ. ಚಿತ್ರವನ್ನು ಕಪಾಟಿನ ಮೇಲೆ ಗೋಡೆಗೆ ಒರಗಿಸಿಟ್ಟರು. ಅದು ಈಗಲೂ ಅಲ್ಲೇ ಇದೆ.

ಪ್ರಕರಣ ಮುಗಿದ ಮೇಲೆ ವಕೀಲೆ ನೀಲಿ ಫೈಲನ್ನು ಹಿಂದಿರುಗಿಸಲು ತಾನೇ ಮನೆಗೆ ಬಂದಳು. ಕಾಗದಗಳನ್ನು ಒಂದೊಂದಾಗಿ ಎಣಿಸಿ ಒಪ್ಪಿಸಿದಳು. ನಾದಿನಿ ಮತ್ತೊಮ್ಮೆ ಎಣಿಸಿದರು. ಏಳುವ ಮುಂಚೆ ಅವಳು ತಡೆದು ತಡೆದು ಒಂದು ಮಾತು ಕೇಳಿದಳು.

“ಇದು ಕೋರ್ಟಿಗಲ್ಲ, ನನಗೇ ತಡೀಲಾರದೆ ಕೇಳ್ತಿದೀನಿ. ಅವತ್ತು ಬೇರೆ ಯಾರೂ ಸಿಗ್ಲಿಲ್ವಾ ಅಮ್ಮ? ಇನ್ನೊಬ್ಬರು ಸಾಕಾಗಿತ್ತು. ಗುರುತು ಪರಿಚಯ ಕೂಡ ಬೇಕಿರ್ಲಿಲ್ಲ. ದಾರೀಲಿ ಹೋಗೋರಾದ್ರೂ ಆಗ್ತಿತ್ತು.”

ನಾದಿನಿ ಫೈಲನ್ನು ಪಕ್ಕಕ್ಕಿಟ್ಟರು. ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳುವುದು ಅವರ ರೂಢಿ, ಹಾಗೆಯೇ ಹೇಳಿದರು. ಸಹಿ ಮುಗಿದಾಗ ಆರು ಐವತ್ತೆರಡು. ಕನ್ನಡಕದವರು ಬಂದ ದಾರಿಯಲ್ಲೇ ಹಿತ್ತಿಲಿನಿಂದ ಹೋದರು. ಅತ್ತಿಗೆ ಉಯಿಲನ್ನು ಲಕೋಟೆಗೆ ಹಾಕಿ, ಅಂಟಿಸಿ, ಕಪಾಟಿನಲ್ಲಿಟ್ಟರು. ಏಳು ಗಂಟೆಗೆ ಮುಂಬಾಗಿಲು ತೆಗೆದರು. ಹೊರಗೆ, ಆ ಬಾಗಿಲಿನ ಒಂದೂವರೆ ಇಂಚು ಮರದ ಆಚೆ, ಬರಿಹೊಟ್ಟೆಯಲ್ಲಿ ರಕ್ತ ಕೊಡಲು ಬಂದವರು ಮೆಟ್ಟಿಲ ಮೇಲೆ, ಕಟ್ಟೆಯ ಮೇಲೆ, ಗೋಡೆಗೆ ಒರಗಿ ಆಗಲೇ ಕಾದಿದ್ದರು. ಎಲ್ಲರೂ ದೊಡ್ಡವರು. ಎಲ್ಲರಿಗೂ ಸಹಿ ಹಾಕಲು ಬರುತ್ತಿತ್ತು. ಆ ಮನೆಯಿಂದ ತಮ್ಮ ವರದಿಯ ಹೊರತು ಇನ್ನೇನೂ ಬೇಕಿಲ್ಲದವರು, ಮಾಡಲು ಬೇರೆ ಕೆಲಸವಿಲ್ಲದೆ ಸುಮ್ಮನೆ ಕುಳಿತವರು. ಒಳಗಿದ್ದ ನಾದಿನಿ ಎಷ್ಟು ಟ್ಯೂಬು ಜೋಡಿಸಬೇಕೆಂದು ತಿಳಿಯಲಿ ಎಂದು ಅತ್ತಿಗೆ ಅವರನ್ನು ಬೆರಳು ತೋರಿಸಿ ಒಬ್ಬೊಬ್ಬರನ್ನಾಗಿ ಎಣಿಸಿ, ಹಿಂದಕ್ಕೆ ತಿರುಗಿ, ದೊಡ್ಡ ದನಿಯಲ್ಲಿ ಹೇಳಿದ್ದರು:

“ಹದಿನಾಲ್ಕು.”